ವರ್ಷಕ್ಕೊಂದು ಪಂದ್ಯ, ಈ ಬಾರಿ ಹೊಡೆದಾಟ: ಮುಂದೆಯೂ ಆಡಿಸಬೇಕೇ?

ಎರಡನೇ ಗಂಟೆ (ಪ್ರಶ್ನೆ)

ನಾನು ಹೈಸ್ಕೂಲೊಂದರಲ್ಲಿ ದೈಹಿಕ ಶಿಕ್ಷಣ ಶಿಕ್ಷಕ, ಕೆಲಸಕ್ಕೆ ಸೇರಿ ಹನ್ನೊಂದು ವರ್ಷ. ನಮ್ಮ ಶಾಲೆಗೂ ರಸ್ತೆಯ ಆಚೆ ಬದಿಯ ಶಾಲೆಗೂ ನಾನು ಬರುವ ಮೊದಲಿನಿಂದಲೇ ಎಣ್ಣೆ ಸೀಗೆಕಾಯಿ ಸಂಬಂಧ. ಬಸ್ಸಿನ ಸೀಟಿಗೆ ಜಗಳ, ಗೋಡೆ ಬರಹಕ್ಕೆ ಜಗಳ, ಏನೂ ಸಿಗದಿದ್ದರೆ ಗುರಾಯಿಸಿದ್ದಕ್ಕೆ ಜಗಳ. ಹುಡುಗರು ಆಡಿಕೊಂಡರೆ ಸರಿಹೋದೀತು ಎಂದು ಆರು ವರ್ಷದ ಹಿಂದೆ ನಾನೇ ಓಡಾಡಿ ವರ್ಷಕ್ಕೊಂದು ಫುಟ್‌ಬಾಲ್ ಪಂದ್ಯ ಶುರು ಮಾಡಿಸಿದೆ. ಐದು ವರ್ಷ ಮಾತಿನ ಚಕಮಕಿ ಬಿಟ್ಟರೆ ಏನೂ ಆಗಲಿಲ್ಲ.

ಕಳೆದ ಶನಿವಾರ ಆರನೆಯ ಪಂದ್ಯ. ಮುಗಿಯಲು ಆರು ನಿಮಿಷ ಬಾಕಿ, ಎರಡೂ ಕಡೆ ಒಂದೊಂದು ಗೋಲು. ಅವರಿಗೆ ಪೆನಾಲ್ಟಿ ಸಿಕ್ಕಿತು. ನಮ್ಮ ಗೋಲ್‌ಕೀಪರ್ ಬಲಕ್ಕೆ ಹಾರಿ ತಡೆದ. ಹುಡುಗರೆಲ್ಲ ಅವನ ಮೇಲೆ ಬಿದ್ದು ಕುಣಿಯುತ್ತಿರುವಾಗಲೇ ರೆಫರಿ ಸೀಟಿ ಊದಿ, ಮತ್ತೆ ಒದೆಯುವಂತೆ ಕೈ ತೋರಿಸಿದರು. ಎರಡನೆಯ ಸಲ ಚೆಂಡು ಬಲೆ ಸೇರಿತು. ಆಗ ನಮ್ಮ ಪ್ರೇಕ್ಷಕರ ಕಡೆಯಿಂದ ಒಂದು ನೀರಿನ ಬಾಟಲಿ ಬಂತು. ಮುಚ್ಚಳವಿಲ್ಲದ, ಅರ್ಧ ತುಂಬಿದ ಬಾಟಲಿ. ಗಿರಗಿರನೆ ತಿರುಗುತ್ತ, ನೀರು ಚೆಲ್ಲುತ್ತ ಬಂದು ಅವರ ನಾಯಕನ ಕಿವಿಗೆ ಬಡಿಯಿತು. ಮುಂದಿನದನ್ನು ಕ್ರಮವಾಗಿ ಹೇಳಲಾರೆ. ನಮ್ಮ ಗೋಲ್‌ಕೀಪರ್, ಹಾಜರಿ ಕರೆದಾಗಲೂ ದನಿ ಏರಿಸದ ಹುಡುಗ, ಮೂಲೆಯ ಬಾವುಟದ ಕೋಲು ಕಿತ್ತುಕೊಂಡು ಓಡಿದ. ಅವರ ಹುಡುಗನೊಬ್ಬನ ಮುಂದಿನ ಹಲ್ಲು ಮುರಿಯಿತು. ಹುಲ್ಲಿನಲ್ಲಿ ಮೊಣಕಾಲೂರಿ ಆ ಚೂರನ್ನು ಹುಡುಕಿದವನು ನಾನೇ. ಸಿಕ್ಕಿತು. ಕರವಸ್ತ್ರದಲ್ಲಿ ಸುತ್ತಿ ಅವರ ಮೇಷ್ಟರ ಕೈಗೆ ಕೊಟ್ಟೆ. ಅವರು ಒಂದು ಮಾತೂ ಆಡಲಿಲ್ಲ.

ಗುರುವಾರ ಆಡಳಿತ ಮಂಡಳಿಯ ಸಭೆ. ಪಂದ್ಯವನ್ನು ಇನ್ನೆಂದೂ ಆಡಿಸಬಾರದು ಎಂದು ಬಹುತೇಕ ತೀರ್ಮಾನವಾಗಿದೆ, ನನ್ನ ಒಂದು ಪುಟದ ವರದಿ ಮಾತ್ರ ಬಾಕಿ. ಬರೆಯಲು ಕುಳಿತರೆ ಕೈ ಓಡುತ್ತಿಲ್ಲ. ಆಟ ಎದುರಾಳಿಗಳನ್ನೂ ಒಂದುಗೂಡಿಸುತ್ತದೆ ಎಂದು ಪ್ರತಿ ಕ್ರೀಡಾ ದಿನದಂದು ಮೈಕಿನ ಮುಂದೆ ಹೇಳುತ್ತ ಬಂದವನು ನಾನು. ಅದು ನಿಜವೇ, ಅಥವಾ ಹೇಳಲು ಚೆನ್ನಾಗಿದೆ ಎಂದು ಹೇಳುತ್ತ ಬಂದದ್ದೇ? ಆಡಿದವರು, ಆಡಿಸಿದವರು ಯಾರಾದರೂ ಇದ್ದರೆ ಬರೆಯಿರಿ. ಸಮಾಧಾನದ ಮಾತು ಬೇಡ.

ನೇರ ಮಾತು

ನಿಲ್ಲಿಸಿ.

ಸಮಾಧಾನ ಬೇಡ ಎಂದಿರಿ, ಆದ್ದರಿಂದ ಹೇಳುತ್ತೇನೆ. 1969ರಲ್ಲಿ ಎಲ್ ಸಾಲ್ವಡಾರ್ ಮತ್ತು ಹೊಂಡುರಾಸ್ ವಿಶ್ವಕಪ್ ಅರ್ಹತಾ ಪಂದ್ಯ ಆಡಿ ಯುದ್ಧಕ್ಕೇ ಇಳಿದವು. 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ಹಂಗೆರಿ ಮತ್ತು ಸೋವಿಯತ್ ಒಕ್ಕೂಟದ ವಾಟರ್ ಪೋಲೊ ಪಂದ್ಯದಲ್ಲಿ ಎರ್ವಿನ್ ಜಾಡೋರ್ ಮುಖದಲ್ಲಿ ರಕ್ತ ಸುರಿಸುತ್ತ ಕೊಳದಿಂದ ಹೊರಬಂದ. ಅವನ ದೇಶಕ್ಕೆ ಸೋವಿಯತ್ ಟ್ಯಾಂಕುಗಳು ನುಗ್ಗಿ ಆಗ ಇನ್ನೂ ಒಂದು ತಿಂಗಳಾಗಿತ್ತು. 1990ರ ಮೇ 13ರಂದು ಯುಗೊಸ್ಲಾವಿಯದ ಜಾಗ್ರೆಬ್‌ನಲ್ಲಿ ಡೈನಾಮೊ ತಂಡಕ್ಕೂ ಬೆಲ್‌ಗ್ರೇಡಿನ ರೆಡ್ ಸ್ಟಾರ್‌ಗೂ ಇದ್ದ ಪಂದ್ಯ ನಡೆಯಲೇ ಇಲ್ಲ. ಗ್ಯಾಲರಿಗಳಲ್ಲೇ ಕಾದಾಟವಾಯಿತು, ಡೈನಾಮೊ ನಾಯಕ ಬೋಬನ್ ಪೊಲೀಸನೊಬ್ಬನಿಗೆ ಜಿಗಿದು ಒದ್ದ. ಮರುವರ್ಷ ಆ ದೇಶವೇ ಹೋಳಾಯಿತು.

ಬೆಳೆದವರಿಗೇ ಆಗದ್ದನ್ನು ಹದಿನೈದರ ಹುಡುಗರಿಂದ ಬಯಸುವುದು ಯಾವ ನ್ಯಾಯ? ಹಗೆ ಇದ್ದವರನ್ನು ಕರೆತಂದು ಎದುರುಬದುರು ನಿಲ್ಲಿಸಿ, ಒಬ್ಬ ಗೆದ್ದರೆ ಇನ್ನೊಬ್ಬ ಸೋಲಲೇಬೇಕು ಎಂಬ ಕರಾರು ಹಾಕಿ, ಸುತ್ತ ಎರಡು ಗುಂಪನ್ನು ಕೂಗಲು ಬಿಟ್ಟು, ಸ್ನೇಹ ಬೆಳೆಯಲಿ ಎಂದು ಕಾಯುತ್ತೀರಿ.

ಹಳೆಯ ಸೀಟಿ

ಮೇಷ್ಟ್ರೇ, ಮೊದಲು ಹಲ್ಲಿನ ಮಾತು. ಇನ್ನು ಮುಂದೆ ಹಾಗೇನಾದರೂ ಆದರೆ ಕರವಸ್ತ್ರದಲ್ಲಿ ಸುತ್ತಬೇಡಿ, ಹಲ್ಲು ಒಣಗಬಾರದು. ಹಾಲಿನಲ್ಲಿ ಮುಳುಗಿಸಿ ತಡಮಾಡದೆ ದಂತವೈದ್ಯರ ಬಳಿಗೆ ಒಯ್ಯಬೇಕು. ಇಪ್ಪತ್ತಾರು ವರ್ಷ ಫುಟ್‌ಬಾಲ್ ರೆಫರಿಯಾಗಿ ಓಡಾಡಿ ಕಲಿತ ಉಪಯೋಗಕ್ಕೆ ಬರುವ ವಿದ್ಯೆಗಳಲ್ಲಿ ಇದೂ ಒಂದು.

‘ನೇರ ಮಾತು’ ಅವರು ಹೇಳಿದ ಎಲ್ ಸಾಲ್ವಡಾರ್ ಕಥೆಯನ್ನು ಎಲ್ಲರೂ ಹೇಳುತ್ತಾರೆ, ಅರ್ಧ ಹೇಳುತ್ತಾರೆ. ಹೊಂಡುರಾಸಿನಲ್ಲಿ ಆಗ ಸುಮಾರು ಮೂರು ಲಕ್ಷ ಸಾಲ್ವಡಾರಿಗರು ನೆಲೆಸಿದ್ದರು, ಬಹಳ ಮಂದಿ ತುಂಡು ಜಮೀನು ಉಳುತ್ತಿದ್ದ ಬಡವರು. ಭೂಸುಧಾರಣೆಯ ಹೆಸರಿನಲ್ಲಿ ಅವರನ್ನು ಒಕ್ಕಲೆಬ್ಬಿಸತೊಡಗಿದರು. ಗಡಿ ತಕರಾರು ಬೇರೆ ಇತ್ತು. ಸರಿಯಾಗಿ ಅದೇ ಹೊತ್ತಿಗೆ, ಜೂನ್ ತಿಂಗಳಲ್ಲಿ, ಮೂರು ಪಂದ್ಯ. ತೆಗುಸಿಗಾಲ್ಪದಲ್ಲಿ ಹೊಂಡುರಾಸ್ 1-0, ಸಾನ್ ಸಾಲ್ವಡಾರಿನಲ್ಲಿ ಎಲ್ ಸಾಲ್ವಡಾರ್ 3-0, ನಿರ್ಣಾಯಕ ಪಂದ್ಯ ಮೆಕ್ಸಿಕೊ ಸಿಟಿಯಲ್ಲಿ, ಹೆಚ್ಚುವರಿ ಸಮಯದಲ್ಲಿ ಮತ್ತೆ ಎಲ್ ಸಾಲ್ವಡಾರ್ 3-2. ಜುಲೈ 14ರಂದು ಎಲ್ ಸಾಲ್ವಡಾರಿನ ಸೇನೆ ಗಡಿ ದಾಟಿತು. ಸುಮಾರು ನೂರು ಗಂಟೆಗಳ ಕಾದಾಟ, ಸಾವಿರಾರು ಸಾವು. ಜಮೀನಿನ ಜಗಳ ಜಮೀನಿನಲ್ಲೇ ಬೆಳೆದಿತ್ತು, ಮೈದಾನ ಅದರ ಕೈಗೆ ಧ್ವನಿವರ್ಧಕ ಕೊಟ್ಟಿತು. ಇಷ್ಟೆಲ್ಲ ಆದ ಮೇಲೆ 1970ರ ವಿಶ್ವಕಪ್ಪಿಗೆ ಹೋದ ಎಲ್ ಸಾಲ್ವಡಾರ್ ಮೂರು ಪಂದ್ಯ ಆಡಿ ಒಂದೂ ಗೋಲು ಹೊಡೆಯದೆ ಮನೆಗೆ ಬಂತು. ಅದು ಯಾರಿಗೂ ನೆನಪಿಲ್ಲ.

ಹಾಗೆಂದು ಆಟದ ತಪ್ಪೇ ಇಲ್ಲ ಎನ್ನುತ್ತಿಲ್ಲ. ಧ್ವನಿವರ್ಧಕವೂ ಸಣ್ಣ ವಸ್ತುವಲ್ಲ. ನಿಮ್ಮ ವಿಷಯದಲ್ಲಿ ನನ್ನನ್ನು ಕೊರೆಯುತ್ತಿರುವುದು ಆ ಪೆನಾಲ್ಟಿ. ರೆಫರಿ ಮತ್ತೆ ಒದೆಸಿದ್ದು ನಿಯಮದ ಪ್ರಕಾರ ಸರಿಯೇ ಇರಬಹುದು. ಚೆಂಡಿಗೆ ಕಾಲು ತಾಗುವ ಕ್ಷಣದಲ್ಲಿ ಗೋಲ್‌ಕೀಪರನ ಒಂದು ಪಾದದ ಸ್ವಲ್ಪ ಭಾಗವಾದರೂ ಗೆರೆಯ ಮೇಲೆ, ಗೆರೆಯ ನೇರಕ್ಕೆ, ಇಲ್ಲವೇ ಗೆರೆಯ ಹಿಂದೆ ಇರಬೇಕು. ನಿಮ್ಮ ಹುಡುಗ ಮೊದಲೇ ಮುಂದಕ್ಕೆ ಜಿಗಿದಿದ್ದರೆ ತೀರ್ಪಿನಲ್ಲಿ ದೋಷವಿಲ್ಲ. ಆದರೆ ರೆಫರಿ ಅದನ್ನು ಯಾರಿಗೆ ಹೇಳಿದರು? ಎಪ್ಪತ್ತು ಮೀಟರ್ ದೂರದಲ್ಲಿ ಕುಳಿತವರಿಗೆ ಪಾದ ಕಾಣುವುದಿಲ್ಲ. ಅವರಿಗೆ ಕಂಡದ್ದು ಇಷ್ಟೇ: ನಮ್ಮವನು ತಡೆದ, ಕಸಿದುಕೊಂಡರು.

ಹಳದಿ ಕಾರ್ಡು, ಕೆಂಪು ಕಾರ್ಡು ಹುಟ್ಟಿದ್ದೂ ಹೀಗೆಯೇ. 1962ರ ವಿಶ್ವಕಪ್‌ನಲ್ಲಿ ಆತಿಥೇಯ ಚಿಲಿಯ ಎದುರು ಇಟಲಿ, ಸಾಂಟಿಯಾಗೊದಲ್ಲಿ. ಆ ನಗರವನ್ನು ಹೀಗಳೆದು ಇಟಲಿಯ ಪತ್ರಕರ್ತರು ಬರೆದಿದ್ದರು, ಅದು ಚಿಲಿಯವರ ಕಿವಿಗೂ ಬಿದ್ದಿತ್ತು. ಶುರುವಾಗಿ ನಿಮಿಷವಾಗುವ ಮೊದಲೇ ಫೌಲ್. ರೆಫರಿ ಹೊರಹಾಕಿದ ಇಟಲಿಯ ಫೆರ್ರಿನಿ ಹೋಗಲು ಒಪ್ಪದೆ, ಪೊಲೀಸರು ಬಂದು ಎಳೆದೊಯ್ದರು. ಆ ದಿನ ಸೀಟಿ ಇದ್ದದ್ದು ಇಂಗ್ಲೆಂಡಿನ ಕೆನ್ ಆಸ್ಟನ್ ಕೈಯಲ್ಲಿ. ನಾಲ್ಕು ವರ್ಷದ ಬಳಿಕ ಇಂಗ್ಲೆಂಡ್ ಮತ್ತು ಅರ್ಜೆಂಟೀನ ಆಡುವಾಗ ಜರ್ಮನಿಯ ರೆಫರಿ ಅರ್ಜೆಂಟೀನದ ನಾಯಕ ರಟ್ಟಿನ್‌ನನ್ನು ಹೊರಗೆ ಕಳಿಸಿದರು. ಅವರ ಭಾಷೆ ಇವನಿಗೆ ಬಾರದು, ಇವನದು ಅವರಿಗೆ ಬಾರದು. ನಿಮಿಷಗಟ್ಟಲೆ ಪಂದ್ಯ ನಿಂತಿತು. ಆಗ ರೆಫರಿಗಳ ಉಸ್ತುವಾರಿ ಆಸ್ಟನ್ ಅವರದೇ. ಕಾರಿನಲ್ಲಿ ಹಿಂದಿರುಗುವಾಗ ಸಿಗ್ನಲ್ ದೀಪದ ಎದುರು ನಿಂತು ಹೊಳೆದದ್ದು ಈ ಬಣ್ಣಗಳು. 1970ರಿಂದ ಜಾರಿಗೆ ಬಂದವು. ಅಂದರೆ ನನ್ನ ಅಂಗಿಯ ಜೇಬಿನಲ್ಲಿ ಇಷ್ಟು ವರ್ಷ ಬೆವರಿಗೆ ನೆನೆದ ಆ ಎರಡು ತುಂಡುಗಳ ಮೊದಲ ಕೆಲಸ ಶಿಕ್ಷಿಸುವುದಲ್ಲ, ಏನಾಯಿತೆಂದು ಎಲ್ಲರಿಗೂ ಕಾಣಿಸುವುದು.

ನನ್ನದೇ ಒಂದು ಪಂದ್ಯ ಹೇಳುತ್ತೇನೆ. ಲೀಗಿನ ಕೊನೆಯ ದಿನ, ಎರಡೂ ತಂಡಗಳಿಗೆ ಹಳೆಯ ದ್ವೇಷ, ಮೊದಲಾರ್ಧದಲ್ಲೇ ನಾಲ್ಕು ಹಳದಿ. ದ್ವಿತೀಯಾರ್ಧದಲ್ಲಿ ಚೆಂಡು ಗೋಲುಕಂಬದ ಹೊರಗಿನಿಂದ ಹೋಗಿ, ಪಕ್ಕದ ಬಲೆಯ ತೂತಿನಲ್ಲಿ ನುಸುಳಿ ಒಳಗೆ ಬಿತ್ತು. ಗೋಲಿಲ್ಲ ಎಂದೆ. ಗ್ಯಾಲರಿ ಎದ್ದು ನಿಂತಿತು. ನನಗೆ ಆ ಕ್ಷಣಕ್ಕೆ ಬೇರೇನೂ ಹೊಳೆಯಲಿಲ್ಲ. ಇಬ್ಬರು ನಾಯಕರನ್ನೂ ಬಲೆಯ ಬಳಿಗೆ ಕರೆದೊಯ್ದೆ. ಆ ತೂತಿನಲ್ಲಿ ಕೈಯನ್ನು ಮೊಣಕೈಯವರೆಗೆ ತೂರಿಸಿ, ಹಾಗೆಯೇ ಎತ್ತಿ, ನಾಲ್ಕೂ ದಿಕ್ಕಿಗೆ ತೋರಿಸಿದೆ. ಎಲ್ಲೋ ಒಬ್ಬ ನಕ್ಕ. ಕಟ್ಟಲು ಹಗ್ಗವಿಲ್ಲ. ಎದುರು ತಂಡದ ಗೋಲ್‌ಕೀಪರ್ ಅಷ್ಟು ದೂರದಿಂದ ಓಡಿ ಬಂದು ತನ್ನ ಬೂಟಿನ ಲೇಸು ಬಿಚ್ಚಿದ. ಈ ಕಡೆಯವನು ಕೈಗವಸು ತೆಗೆದು ಹಲ್ಲಿನಲ್ಲಿ ಕಚ್ಚಿಕೊಂಡು, ಹರಿದ ಎರಡು ಅಂಚುಗಳನ್ನು ಜೋಡಿಸಿ ಹಿಡಿದ. ಅವನು ಗಂಟು ಹಾಕುತ್ತಾನೆ, ಇವನು ‘ಇನ್ನೂ ಬಿಗಿ’ ಎನ್ನುತ್ತಾನೆ. ಏಳು ನಿಮಿಷ ಹೋಯಿತು. ಆಮೇಲೆ ಇಡೀ ಪಂದ್ಯದಲ್ಲಿ ಒಂದೇ ಹಳದಿ, ಅದೂ ಥ್ರೋ ಹಾಕಲು ತಡಮಾಡಿದ್ದಕ್ಕೆ.

ಇದನ್ನೇ ಒಂದು ಮಂತ್ರವೆಂದು ತಿಳಿಯಬೇಡಿ. ಇನ್ನೊಂದು ಪಂದ್ಯದಲ್ಲಿ ನನ್ನ ಯಾವ ಜಾಣತನವೂ ನಡೆಯಲಿಲ್ಲ. ಸಲಕರಣೆಗಳ ಕೋಣೆಯೊಳಗೆ ಚಿಲಕ ಹಾಕಿಕೊಂಡು, ಗಾಳಿ ಇಳಿದ ಚೆಂಡುಗಳ ಮೂಟೆಯ ಮೇಲೆ ಎರಡು ಗಂಟೆ ಕುಳಿತಿದ್ದೆ.

ಒಂದುಗೂಡಿಸುವ ಕಥೆಗಳನ್ನೂ ಪೂರ್ತಿ ಹೇಳಬೇಕು. 2005ರ ಅಕ್ಟೋಬರ್ 8ರ ರಾತ್ರಿ, ಸುಡಾನಿನ ಒಮ್ಡುರ್‌ಮಾನ್‌ನಲ್ಲಿ ಗೆದ್ದು ಐವರಿ ಕೋಸ್ಟ್ ಮೊದಲ ಬಾರಿಗೆ ವಿಶ್ವಕಪ್ಪಿಗೆ ಅರ್ಹತೆ ಪಡೆಯಿತು. ದೇಶ ಅಂತರ್ಯುದ್ಧದಿಂದ ಎರಡು ಭಾಗವಾಗಿತ್ತು. ದಿದಿಯೆ ಡ್ರೋಗ್ಬಾ ತಂಡದವರನ್ನೆಲ್ಲ ಕ್ಯಾಮರಾ ಮುಂದೆ ನಿಲ್ಲಿಸಿಕೊಂಡು, ಮೊಣಕಾಲೂರಿ, ಆಯುಧ ಕೆಳಗಿಡಿ ಎಂದು ಬೇಡಿಕೊಂಡ. 2007ರ ಜೂನ್‌ನಲ್ಲಿ ಬಂಡುಕೋರರ ನೆಲೆಯಾಗಿದ್ದ ಬುವಾಕೆಯಲ್ಲೇ ರಾಷ್ಟ್ರೀಯ ತಂಡ ಪಂದ್ಯ ಆಡಿತು. ಇಲ್ಲಿಗೆ ಎಲ್ಲರೂ ಕಥೆ ನಿಲ್ಲಿಸುತ್ತಾರೆ. ಎರಡು ಸಂಗತಿ ಬಿಟ್ಟುಹೋಗುತ್ತವೆ. 2010ರ ಚುನಾವಣೆಯ ಬಳಿಕ ಅದೇ ದೇಶದಲ್ಲಿ ಮತ್ತೆ ಕಾಳಗವಾಗಿ ಸುಮಾರು ಮೂರು ಸಾವಿರ ಜನ ಸತ್ತರು. ಇನ್ನೊಂದು, ಆ 2005ರ ರಾತ್ರಿಯೇ ಐವರಿ ಕೋಸ್ಟ್ ಅರ್ಹತೆ ಪಡೆದದ್ದು ಯೌಂಡೆಯಲ್ಲಿ ಕ್ಯಾಮರೂನ್ ಗೆಲ್ಲದೆ ಹೋದದ್ದರಿಂದ. ಕೊನೆಯ ಗಳಿಗೆಯಲ್ಲಿ ಪಿಯರ್ ವೋಮೆ ಒದ್ದ ಪೆನಾಲ್ಟಿ ಗೋಲುಕಂಬಕ್ಕೆ ಬಡಿದು ಹೊರಗೆ ಹೋಯಿತು. ಒಂದು ದೇಶದವರು ಬೀದಿಯಲ್ಲಿ ತಬ್ಬಿಕೊಳ್ಳುತ್ತಿದ್ದರೆ, ಇನ್ನೊಂದು ದೇಶದಲ್ಲಿ ತಮ್ಮದೇ ಆಟಗಾರನನ್ನು ಜನ ಹುಡುಕಿಕೊಂಡು ಹೊರಟಿದ್ದರು. ಅವನು ಊರು ಬಿಡಬೇಕಾಯಿತು.

ಕೊನೆಗೊಂದು ಪ್ರಶ್ನೆ, ಬೇಸರ ಮಾಡಿಕೊಳ್ಳಬೇಡಿ. ಬಾಟಲಿಯನ್ನು ಇಷ್ಟು ಸ್ಪಷ್ಟವಾಗಿ ಬರೆದಿದ್ದೀರಿ. ಮಧ್ಯಂತರದಲ್ಲಿ ಹುಡುಗರಿಗೆ ನೀವು ಏನು ಹೇಳಿದಿರಿ ಎಂದು ಬರೆದಿಲ್ಲ.

ಎಡಗೈ ಸೆಟ್ಟರ್

ಸರ್, ನಾನು ಹನ್ನೆರಡು ವರ್ಷ ವಾಲಿಬಾಲ್ ಆಡಿದವಳು. ಒಬ್ಬ ಎದುರಾಳಿಯ ಬಗ್ಗೆ ಹೇಳಬೇಕು. ಅವಳ ತಂಡಕ್ಕೂ ನಮಗೂ ಏಳು ವರ್ಷ ಪ್ರತಿ ಫೈನಲ್‌ನಲ್ಲಿ ಮುಖಾಮುಖಿ. ನೆಟ್ಟಿನ ಕೆಳಗೆ ಕಾಲು ಚಾಚಿ ನನ್ನ ಪಾದ ತುಳಿಯುವುದು ಅವಳ ಅಭ್ಯಾಸ. ಒಮ್ಮೆ ಉಗುರೇ ಕಿತ್ತು ಬಂತು. ನಾನೇನು ಕಡಿಮೆಯಿರಲಿಲ್ಲ, ಅವಳ ಸರ್ವಿಸ್ ಬಂದಾಗಲೆಲ್ಲ ಲೇಸು ಕಟ್ಟಲು ಕೂರುತ್ತಿದ್ದೆ. ಏಳು ವರ್ಷ ಎದುರಿಗೆ ಆಡಿದ್ದು ನಮ್ಮನ್ನು ಒಂದು ಇಂಚೂ ಹತ್ತಿರ ತರಲಿಲ್ಲ. ಎಂಟನೆಯ ವರ್ಷ ಇಬ್ಬರೂ ಒಂದೇ ಆಯ್ಕೆ ತಂಡಕ್ಕೆ ಬಂದೆವು. ನಾನು ಚೆಂಡು ಎತ್ತಿಕೊಡಬೇಕು, ಅವಳು ಹೊಡೆಯಬೇಕು. ಮೂರು ದಿನ ಮಾತಿಲ್ಲ. ಆದರೆ ಸೆಟ್ಟರ್ ಆದವಳು ಹೊಡೆಯುವವಳನ್ನು ದ್ವೇಷಿಸಿಕೊಂಡು ಬದುಕಲು ಆಗುವುದಿಲ್ಲ. ಅವಳಿಗೆ ಚೆಂಡು ನೆಟ್ಟಿನಿಂದ ಎಷ್ಟು ದೂರ ಬೇಕು, ಎಷ್ಟು ಎತ್ತರ ಬೇಕು ಎಂದು ಕೇಳಲೇಬೇಕು. ನಾಲ್ಕನೆಯ ದಿನ ಕೇಳಿದೆ. ‘ಒಂದು ಗೇಣು ಹಿಂದೆ’ ಎಂದಳು. ಅದು ನಮ್ಮ ಮೊದಲ ಮಾತು.

ಆಟ ಬಿಟ್ಟು ಮನಶ್ಶಾಸ್ತ್ರ ಓದುವಾಗ ಇದಕ್ಕೆ ಹತ್ತಿರದ ಪ್ರಯೋಗ ಸಿಕ್ಕಿತು. 1954ರಲ್ಲಿ ಅಮೆರಿಕದ ಒಕ್ಲಹೋಮದಲ್ಲಿ ಮುಜಫರ್ ಶೆರಿಫ್ ಮತ್ತು ಜೊತೆಗಾರರು ಹನ್ನೊಂದು ಹನ್ನೆರಡರ ವಯಸ್ಸಿನ 22 ಹುಡುಗರನ್ನು ಎರಡು ಗುಂಪು ಮಾಡಿ ಬೇಸಿಗೆ ಶಿಬಿರದಲ್ಲಿ ಇರಿಸಿದರು. ಬೇಸ್‌ಬಾಲ್, ಹಗ್ಗಜಗ್ಗಾಟ, ಗೆದ್ದವರಿಗೆ ಬಹುಮಾನ. ಕೆಲವೇ ದಿನಗಳಲ್ಲಿ ಒಬ್ಬರ ಬಾವುಟ ಇನ್ನೊಬ್ಬರು ಸುಟ್ಟರು, ರಾತ್ರಿ ಕೋಣೆಗಳಿಗೆ ನುಗ್ಗಿದರು. ಸುಮ್ಮನೆ ಒಟ್ಟಿಗೆ ಊಟಕ್ಕೆ ಕೂರಿಸಿದರೆ ತಟ್ಟೆಯಲ್ಲಿದ್ದದ್ದನ್ನೇ ಎಸೆದಾಡಿದರು. ಸರಿಹೋದದ್ದು ಶಿಬಿರಕ್ಕೆ ನೀರು ನಿಂತುಹೋದಾಗ, ಲಾರಿ ಕೆಟ್ಟು ನಿಂತಾಗ. ಲಾರಿ ಎಳೆಯಲು ಅವರು ಬಳಸಿದ್ದು ಹಗ್ಗಜಗ್ಗಾಟದ ಅದೇ ಹಗ್ಗ. ಹಳೆಯ ಸೀಟಿ ಸರ್ ಅವರ ಬೂಟಿನ ಲೇಸು ಓದಿದಾಗ ನನಗೆ ಆ ಹಗ್ಗ ನೆನಪಾಯಿತು. (22 ಹುಡುಗರ ಮೇಲೆ ಇಡೀ ಮನುಕುಲವನ್ನು ಅಳೆಯಬಾರದು ಎಂಬುದೂ ನಿಜ.)

ಇತ್ತೀಚಿನ ಎರಡು ಅಧ್ಯಯನಗಳು ಇನ್ನೂ ಗಟ್ಟಿ. ಉತ್ತರ ಪ್ರದೇಶದಲ್ಲಿ ಮ್ಯಾಟ್ ಲೋ ಎಂಬ ಅರ್ಥಶಾಸ್ತ್ರಜ್ಞ ಕ್ರಿಕೆಟ್ ಲೀಗ್ ನಡೆಸಿ ಬೇರೆ ಬೇರೆ ಜಾತಿಯ ಯುವಕರನ್ನು ತಂಡಗಳಿಗೆ ಹಂಚಿದರು. ಒಂದೇ ತಂಡದಲ್ಲಿ ಆಡಿದವರ ನಡುವೆ ಜಾತಿ ಮೀರಿದ ಗೆಳೆತನ ಹೆಚ್ಚಿತು. ಎದುರಾಳಿಗಳಾಗಿ ಮಾತ್ರ ಭೇಟಿಯಾದವರಲ್ಲಿ ಅಂಥದ್ದು ಕಾಣಲಿಲ್ಲ, ಬದಲಿಗೆ ಒಡನಾಟ ಕುಗ್ಗುವ ಲಕ್ಷಣವಿತ್ತು. ಇರಾಕಿನಲ್ಲಿ ಸಾಲ್ಮಾ ಮೂಸಾ, ಐಸಿಸ್ ಹಾವಳಿಗೆ ಮನೆ ಬಿಟ್ಟಿದ್ದ ಕ್ರೈಸ್ತರ ಫುಟ್‌ಬಾಲ್ ತಂಡಗಳ ಪೈಕಿ ಕೆಲವಕ್ಕೆ ಮುಸ್ಲಿಂ ಆಟಗಾರರನ್ನು ಸೇರಿಸಿದರು. ತಿಂಗಳುಗಳ ಬಳಿಕವೂ ಆ ತಂಡದವರು ಒಟ್ಟಿಗೆ ಅಭ್ಯಾಸಕ್ಕೆ ಹೋಗುತ್ತಿದ್ದರು. ಮೈದಾನದ ಹೊರಗಿನ ನಡವಳಿಕೆ ಮಾತ್ರ ಹೆಚ್ಚೇನೂ ಬದಲಾಗಲಿಲ್ಲ. ಪರಿಚಯವಿಲ್ಲದ ಮುಸ್ಲಿಮರ ಬಗ್ಗೆ ಮೊದಲಿನ ಅಳುಕೇ ಉಳಿಯಿತು.

ನಮ್ಮದೂ ಹಾಗೆಯೇ. ಅವಳ ಮಗಳ ಹುಟ್ಟುಹಬ್ಬಕ್ಕೆ ನನಗೆ ಕರೆ ಬರುತ್ತದೆ. ಎರಡು ತಂಡಗಳ ಬೆಂಬಲಿಗರು ಈಗಲೂ ಮೊದಲಿನಂತೆಯೇ ಕೂಗಾಡುತ್ತಾರೆ. ನಾವು ಗೆಳತಿಯರಾದದ್ದು ಅವರಿಗೆ ಏನೂ ಮಾಡಲಿಲ್ಲ.

ಪೆವಿಲಿಯನ್ ತುದಿ

ಮೇಡಂ, ಬೆಂಬಲಿಗರ ಮಾತು ಎತ್ತಿದಿರಿ. ಒಂದೇ ವರ್ಷ, ಅವೇ ಎರಡು ತಂಡ (ಭಾರತ, ಪಾಕಿಸ್ತಾನ), ಮೂರು ವಾರದ ಅಂತರ. 1999ರ ಜನವರಿ 31, ಚೆನ್ನೈ ಟೆಸ್ಟ್. ಗೆಲ್ಲಲು 271 ಬೇಕಿತ್ತು. ಬೆನ್ನುನೋವಿನಲ್ಲೇ 136 ಹೊಡೆದ ಸಚಿನ್ 254ರಲ್ಲಿ ಔಟಾದರು, ಉಳಿದ ಮೂರು ವಿಕೆಟ್ ನಾಲ್ಕೇ ರನ್ನಿಗೆ ಉದುರಿದವು. ಕೊನೆಯವರು ನಮ್ಮ ಶ್ರೀನಾಥ್. ಪಾಕಿಸ್ತಾನ 12 ರನ್ನಿನಿಂದ ಗೆದ್ದಿತು. ನಾನು ರೇಡಿಯೊ ಹಿಡಿದು ಕುಳಿತಿದ್ದೆ. ಮೊದಲು ಏನೂ ಕೇಳಿಸಲಿಲ್ಲ, ಬ್ಯಾಟರಿ ಹೋಯಿತೇನೋ ಎಂದು ರೇಡಿಯೊ ತಟ್ಟಿದೆ. ಆಮೇಲೆ ಚಪ್ಪಾಳೆ. ಇಡೀ ಕ್ರೀಡಾಂಗಣ ಎದ್ದು ನಿಂತು ಗೆದ್ದವರಿಗೆ ಚಪ್ಪಾಳೆ ಹೊಡೆಯುತ್ತಿತ್ತು, ಪಾಕಿಸ್ತಾನದ ಆಟಗಾರರು ಮೈದಾನ ಸುತ್ತಿದರು.

ಫೆಬ್ರವರಿಯಲ್ಲಿ ಕೋಲ್ಕತ್ತ. ರನ್ ಓಡುವಾಗ ಸಚಿನ್, ಶೋಯೆಬ್ ಅಖ್ತರ್ ಅವರಿಗೆ ಡಿಕ್ಕಿಯಾಗಿ ರನೌಟ್ ಆದರು. ಮೂರನೆಯ ಅಂಪೈರ್ ತೀರ್ಪು ಕೊಟ್ಟೊಡನೆ ಬಾಟಲಿಗಳು ಹಾರಿದವು. ಸಚಿನ್ ಅವರೇ ಬಂದು ಕೈಮುಗಿಯಬೇಕಾಯಿತು. ಮರುದಿನ ಮತ್ತೆ ಗಲಾಟೆ, ಪೊಲೀಸರು ಕ್ರೀಡಾಂಗಣ ಖಾಲಿ ಮಾಡಿಸಿ ಪಂದ್ಯ ಮುಗಿಸಿದರು. ಅದೇ ದಿನಗಳಲ್ಲಿ ವಾಜಪೇಯಿ ಬಸ್ಸಿನಲ್ಲಿ ಲಾಹೋರಿಗೆ ಹೋದರು, ಬೇಸಿಗೆಯಲ್ಲಿ ಕಾರ್ಗಿಲ್ ಆಯಿತು. ಚೆನ್ನೈನವರು ಸಂತರು, ಕೋಲ್ಕತ್ತದವರು ಪುಂಡರು ಎನ್ನುವುದು ಸುಲಭ, ನಾನು ನಂಬುವುದಿಲ್ಲ. ಚೆನ್ನೈನಲ್ಲಿ ಸೋತರು. ಕೋಲ್ಕತ್ತದಲ್ಲಿ ಮೋಸವಾಯಿತು ಎಂದುಕೊಂಡರು. ಹಳೆಯ ಸೀಟಿಯವರ ತೂತು ಬಿದ್ದ ಬಲೆ ಇದೇ.

ಇನ್ನೊಂದು ಮಾತು. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಪಾಕಿಸ್ತಾನದ ಅರ್ಷದ್ ನದೀಮ್ ಜಾವೆಲಿನ್ ಅನ್ನು 92.97 ಮೀಟರ್ ಎಸೆದು ಚಿನ್ನ ಗೆದ್ದರು, ನೀರಜ್ ಚೋಪ್ರಾಗೆ ಬೆಳ್ಳಿ. ಚಿನ್ನ ಗೆದ್ದವನೂ ನಮ್ಮ ಮಗನೇ ಎಂದರು ನೀರಜ್ ತಾಯಿ. ದೇಶವೇ ಮೆಚ್ಚಿತು. 2025ರ ಏಪ್ರಿಲ್‌ನಲ್ಲಿ ತಮ್ಮ ಹೆಸರಿನ ಕೂಟಕ್ಕೆ ನೀರಜ್, ನದೀಮ್‌ರನ್ನು ಕರೆದರು. ಅದರ ಬೆನ್ನಿಗೇ ಪಹಲ್ಗಾಮ್ ದಾಳಿ ನಡೆಯಿತು. ಕರೆ ಹೋದದ್ದು ದಾಳಿಗೆ ಮೊದಲು ಎಂದು ಅವರು ವಿವರಣೆ ಕೊಡಬೇಕಾಯಿತು, ತಾಯಿಯ ಅದೇ ಮಾತನ್ನು ಎತ್ತಿಕೊಂಡು ಜನ ಬೈದರು. ಮಾತು ಬದಲಾಗಿರಲಿಲ್ಲ.

ನೇರ ಮಾತು

ನೀವೆಲ್ಲ ಸೇರಿ ನನ್ನ ಮಾತನ್ನೇ ಗಟ್ಟಿ ಮಾಡುತ್ತಿದ್ದೀರಿ. ಎದುರಾಳಿಯಾಗಿ ಆಡಿದ್ದು ಹತ್ತಿರ ತರಲಿಲ್ಲ ಎಂದು ಸೆಟ್ಟರ್ ಮೇಡಂ ಅವರೇ ಬರೆದಿದ್ದಾರೆ. ಮೇಷ್ಟ್ರು ಆಡಿಸುತ್ತಿರುವುದು ಎದುರಾಳಿಗಳ ಪಂದ್ಯವನ್ನೇ ಅಲ್ಲವೇ?

ಎರಡನೇ ಗಂಟೆ

ಎರಡು ದಿನ ಉತ್ತರಿಸಲಿಲ್ಲ, ಕ್ಷಮಿಸಿ. ಹಳೆಯ ಸೀಟಿಯವರ ಪ್ರಶ್ನೆಗೆ ತಡವರಿಸುತ್ತಿದ್ದೆ.

ಮಧ್ಯಂತರದಲ್ಲಿ ನಾವು 0-1 ಹಿಂದಿದ್ದೆವು. ಕಳೆದ ಐದು ವರ್ಷದಲ್ಲಿ ನಾಲ್ಕು ಸಲ ಸೋತಿದ್ದೇವೆ, ಅದನ್ನು ಮೊದಲು ಬರೆಯಲಿಲ್ಲ. ಹುಡುಗರನ್ನು ಸುತ್ತ ನಿಲ್ಲಿಸಿಕೊಂಡು ನಾನು ಹೇಳಿದ್ದು ಹೀಗೆ: ‘ಸೋಮವಾರ ಅದೇ ಬಸ್ಸಿನಲ್ಲಿ ಅವರ ಎದುರು ನಿಲ್ಲಬೇಕು. ಯಾವ ಮುಖ ಇಟ್ಟುಕೊಂಡು ನಿಲ್ಲುತ್ತೀರಿ ಎಂದು ಈಗಲೇ ಯೋಚಿಸಿ.’ ಬೈಗುಳವಿರಲಿಲ್ಲ. ಆ ಹೊತ್ತಿಗೆ ನನಗೆ ಅದು ಹುರಿದುಂಬಿಸುವ ಮಾತಾಗಿಯೇ ಕೇಳಿಸಿತ್ತು.

ನಿನ್ನೆ ಗೋಲ್‌ಕೀಪರ್ ಹುಡುಗ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತಿದ್ದ. ಅಮಾನತಿನ ಬಗ್ಗೆ ಕೇಳಬಹುದು ಎಂದುಕೊಂಡೆ. ಕೇಳಿದ್ದು ಬೇರೆ: ‘ಸರ್, ನನ್ನ ಕಾಲು ನಿಜವಾಗಿ ಗೆರೆ ಬಿಟ್ಟಿತ್ತಾ?’ ಒಬ್ಬ ಪೋಷಕರ ಮೊಬೈಲಿನಲ್ಲಿ ವಿಡಿಯೊ ಇತ್ತು. ತರಿಸಿಕೊಂಡು, ನಿಲ್ಲಿಸಿ ನಿಲ್ಲಿಸಿ ನೋಡಿದೆವು. ಅವನ ಎರಡೂ ಪಾದ ಗೆರೆಯಿಂದ ಒಂದು ಗೇಣು ಮುಂದೆ ಇದ್ದವು. ನಾಲ್ಕೈದು ಸಲ ನೋಡಿದ. ‘ಇದನ್ನು ಆವತ್ತೇ ಯಾರಾದರೂ ಹೇಳಬಹುದಿತ್ತು’ ಎಂದ. ಅವನಿಗೆ ಗೆರೆಯ ನಿಯಮ ಕಲಿಸಬೇಕಾಗಿದ್ದವನು ನಾನು.

ಹಳೆಯ ಸೀಟಿ

ಬರೆದಿರಲ್ಲ, ಅದು ದೊಡ್ಡದು. ನಾನು ಆಟಗಾರನಾಗಿದ್ದಾಗ ನನ್ನ ಕೋಚ್ ಹೇಳುತ್ತಿದ್ದ ಮಾತುಗಳನ್ನು ಇಲ್ಲಿ ಬರೆದರೆ ಪುಟವನ್ನೇ ಮುಚ್ಚಿಸಿಯಾರು.

‘ನೇರ ಮಾತು’ ಅವರೇ, ನಿಮ್ಮ ಆಕ್ಷೇಪಣೆ ಸರಿಯಿದೆ, ತೀರ್ಮಾನ ಸರಿಯಿಲ್ಲ. ನೆಗಡಿಗೆ ಮೂಗು ಕೊಯ್ಯುವುದು ನನಗೆ ಒಪ್ಪಿಗೆಯಿಲ್ಲ. ಪಂದ್ಯ ನಿಲ್ಲಿಸಿದರೆ ಆ ಬಸ್ಸು ನಿಲ್ಲುವುದಿಲ್ಲವಲ್ಲ. ಮೇಷ್ಟ್ರೇ, ಒಂದು ವರ್ಷ ಶಾಲೆಗಳ ಪಂದ್ಯ ಬೇಡ. ಎರಡೂ ಶಾಲೆಯ ಹುಡುಗರನ್ನು ಕಲಸಿ ಎರಡು ತಂಡ ಮಾಡಿ, ಜರ್ಸಿ ಬಣ್ಣಕ್ಕೆ ಶಾಲೆಯ ಗುರುತು ಬೇಡ. ಪ್ರೇಕ್ಷಕರನ್ನು ಬಿಡಬೇಡಿ. ಸುಣ್ಣದ ಗೆರೆ ಹಾಕುವುದು, ಬಲೆ ಕಟ್ಟುವುದು, ಲೈನ್ಸ್‌ಮನ್ ಬಾವುಟ ಹಿಡಿಯುವುದು, ಎಲ್ಲವೂ ಆ ಕಡೆ ಒಬ್ಬ ಈ ಕಡೆ ಒಬ್ಬ. ನಿಮ್ಮ ಗೋಲ್‌ಕೀಪರನ ಕೈಗೆ ಒಂದು ಪಂದ್ಯ ಸೀಟಿ ಕೊಡಿ, ಗೆರೆ ಎಂದರೇನೆಂದು ಅವನಿಗೆ ಈಗ ನಮಗಿಂತ ಚೆನ್ನಾಗಿ ಗೊತ್ತು. ಅದಾದ ಮೇಲೆ ಮತ್ತೆ ಎದುರುಬದುರು. ರಗ್ಬಿಯಲ್ಲಿ ಪಂದ್ಯ ಮುಗಿಯುವುದಕ್ಕೆ ‘ನೋ ಸೈಡ್’ ಎನ್ನುತ್ತಿದ್ದರು, ಇನ್ನು ಪಕ್ಷಗಳಿಲ್ಲ ಎಂದು. ಆಡುವವರೆಗೆ ಪಕ್ಷ ಇರಬೇಕು, ಇಲ್ಲದಿದ್ದರೆ ಅದು ಆಟವೇ ಅಲ್ಲ, ವ್ಯಾಯಾಮ.

ಮಧ್ಯಂತರದ ಮಾತನ್ನು ವರದಿಯಲ್ಲಿ ಬರೆಯಿರಿ. ಸೀಟಿ ಊದಲು ನಾನು ಬರಬಲ್ಲೆ, ಮೊಣಕಾಲಿನ ಭರವಸೆ ಮಾತ್ರ ಕೊಡಲಾರೆ.

ನೇರ ಮಾತು

ಕಲಸಿದ ತಂಡಕ್ಕೆ ನನ್ನ ವಿರೋಧವಿಲ್ಲ. ಎದುರುಬದುರಿಗೆ ಈಗಲೂ ಒಪ್ಪಿಲ್ಲ. ಅಂದ ಹಾಗೆ, ಇಷ್ಟು ಮಾತಾಡಿದರೂ ಯಾರೂ ಕೇಳಲಿಲ್ಲ: ಬಾಟಲಿ ಎಸೆದವನು ಸಿಕ್ಕಿದನೇ?

ಎರಡನೇ ಗಂಟೆ

ಸಿಕ್ಕಿದ. ಅದೇ ವಿಡಿಯೊದಲ್ಲಿದ್ದ. ಈಗ ಶಾಲೆಯಲ್ಲಿ ಓದುತ್ತಿರುವವನಲ್ಲ. ಮೊದಲ ವರ್ಷದ ಪಂದ್ಯದಲ್ಲಿ ನಮ್ಮ ನಾಯಕನಾಗಿದ್ದವನು.